ತೀವ್ರ ಲೇಸರ್ ಬೆಳಕಿನಲ್ಲಿ ಪರಮಾಣುವಿನ ಗತಿ: ಹಾಳೆಯ ಮೇಲೆ ಲೆಕ್ಕ ಹಾಕುವ ಕ್ರಮ

ವಿಜಯಪುರದಲ್ಲಿ ಎಂ.ಎಸ್ಸಿ. ಓದುವ ವಿದ್ಯಾರ್ಥಿಯ ಎದುರಿಗೆ ಅತಿ ತೀವ್ರ ಲೇಸರ್ ಇಲ್ಲದಿರಬಹುದು. ಆದರೆ ಅಂಥ ಬೆಳಕಿಗೆ ಸಿಕ್ಕ ಆರ್ಗಾನ್ ಪರಮಾಣುವಿಗೆ ಏನಾಗುತ್ತದೆಂಬುದನ್ನು ಒಂದು ಹಾಳೆ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಂಡು ಅಂದಾಜು ಮಾಡಬಹುದು.

ಮೊದಲು ತೀವ್ರತೆಯನ್ನು ಕಂಡುಹಿಡಿಯಿರಿ. 0.3 ಮಿಲಿಜೂಲ್ ಶಕ್ತಿಯ ಪಲ್ಸ್ 30 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಎಂದರೆ 10⁻¹⁵ ಸೆಕೆಂಡ್) ಇದ್ದರೆ ಅದರ ಸಾಮರ್ಥ್ಯ 10 ಗಿಗಾವ್ಯಾಟ್. ಅದನ್ನು 40 ಮೈಕ್ರೊಮೀಟರ್ ತ್ರಿಜ್ಯದ ವೃತ್ತಕ್ಕೆ ಸಮವಾಗಿ ಹಂಚಿದರೆ ಚದರ ಸೆಂಟಿಮೀಟರಿಗೆ ಸುಮಾರು 2×10¹⁴ ವ್ಯಾಟ್ ಬರುತ್ತದೆ.

ತರಂಗದೂರ 800 ನ್ಯಾನೊಮೀಟರ್ ಆದಾಗ ಒಂದು ಫೋಟಾನಿನ ಶಕ್ತಿ 1.55 ಇಲೆಕ್ಟ್ರಾನ್‌ವೋಲ್ಟ್. ಆರ್ಗಾನಿನಿಂದ ಇಲೆಕ್ಟ್ರಾನನ್ನು ಬಿಡಿಸಲು 15.76 ಬೇಕಾದ್ದರಿಂದ, ಹನ್ನೊಂದು ಫೋಟಾನ್ ಸಾಕೆಂದು ಅಲ್ಲಿಗೇ ಲೆಕ್ಕ ನಿಲ್ಲಿಸುವುದು ಸಹಜ. ನಿಲ್ಲಿಸಬೇಡಿ. ಇಲೆಕ್ಟ್ರಾನು ಅಗತ್ಯಕ್ಕಿಂತ ಹೆಚ್ಚು ಫೋಟಾನುಗಳನ್ನು ಹೀರಬಲ್ಲದೆಂಬುದನ್ನು ಪಿಯರ್ ಅಗೊಸ್ಟಿನಿ ಮತ್ತು ಸಂಗಡಿಗರು 1979ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ.

ಮುಂದಿನದು ತೂಗಾಟದ ಶಕ್ತಿ, ಅಂದರೆ ಪಾಂಡರಮೋಟಿವ್ ಶಕ್ತಿ. ಇಡೀ ಲೆಕ್ಕದ ಜೀವಾಳ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ನಾಗರಪಂಚಮಿಯ ಜೋಕಾಲಿಯಲ್ಲಿ ಕೂತವರಂತೆ, ಬಿಡುಗಡೆಯಾದ ಇಲೆಕ್ಟ್ರಾನು ಬೆಳಕಿನ ವಿದ್ಯುತ್ ಕ್ಷೇತ್ರದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ, ಮತ್ತು ಒಂದೇ ದಿಕ್ಕಿಗೆ ತಳ್ಳುವ ಹೊತ್ತು ಹೆಚ್ಚಿದಷ್ಟೂ, ಎಂದರೆ ತರಂಗದೂರ ಹೆಚ್ಚಿದಷ್ಟೂ, ಅದರ ತೂಗಾಟ ದೊಡ್ಡದಾಗುತ್ತದೆ. ತೀವ್ರತೆಯನ್ನು ತರಂಗದೂರದ ವರ್ಗದಿಂದಲೂ 9.33×10⁻¹⁴ರಿಂದಲೂ ಗುಣಿಸಿ. ಇಲ್ಲಿ ತರಂಗದೂರವನ್ನು ಮೈಕ್ರೊಮೀಟರಿನಲ್ಲೇ, ಅಂದರೆ 0.8 ಎಂದೇ, ಬರೆಯಬೇಕು. 800 ಎಂದು ಬರೆದರೆ ಉತ್ತರ ಹತ್ತು ಲಕ್ಷ ಪಟ್ಟು ಹೆಚ್ಚುತ್ತದೆ. ಸರಿಯಾದ ಉತ್ತರ ಸುಮಾರು 12 ಇಲೆಕ್ಟ್ರಾನ್‌ವೋಲ್ಟ್.

15.76ನ್ನು ಈ 12ರ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬರುವ 0.81 ಕೆಲ್ಡಿಶ್ ಅಂಕ, ಅಂದರೆ ಇಲೆಕ್ಟ್ರಾನು ಹೊರಬರುವ ಬಗೆಯನ್ನು ಸೂಚಿಸುವ ಸಂಖ್ಯೆ. ಇದು ಒಂದಕ್ಕಿಂತ ಬಹಳ ಹೆಚ್ಚಿದ್ದರೆ ಫೋಟಾನ್ ಎಣಿಸುವ ಚಿತ್ರವೇ ಸರಿ. ಕಡಿಮೆಯಾದಂತೆ ಸುರಂಗದ ಚಿತ್ರ ಹೊಂದುತ್ತದೆ. ನ್ಯೂಕ್ಲಿಯಸ್ಸಿನ ಆಕರ್ಷಣೆಯ ಗೋಡೆಯನ್ನು ಬೆಳಕಿನ ಕ್ಷೇತ್ರವು ಒಂದು ಬದಿಗೆ ಬಗ್ಗಿಸಿ ತೆಳುವಾಗಿಸುತ್ತದೆ, ಎರೆಹೊಲದ ಒಡ್ಡಿನಿಂದ ನೀರು ಜಿನುಗುವಂತೆ ಇಲೆಕ್ಟ್ರಾನು ಅದರ ಮೂಲಕ ಹೊರಬರುತ್ತದೆ. ಆರ್ಗಾನಿಗೆ ತೀವ್ರತೆ ಸುಮಾರು 2.5×10¹⁴ ದಾಟಿದರೆ ಗೋಡೆಯ ತಲೆಯೇ ಇಲೆಕ್ಟ್ರಾನಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆಗ ಅದು ಜಿನುಗುವುದಿಲ್ಲ, ಕೋಡಿ ಹರಿಯುತ್ತದೆ. ನಮ್ಮ ಪಲ್ಸ್ ಆ ಮಿತಿಗಿಂತ ಕೊಂಚ ಕೆಳಗಿದೆ.

ಹೊರಬಂದ ಇಲೆಕ್ಟ್ರಾನುಗಳಲ್ಲಿ ಕೆಲವು, ಕ್ಷೇತ್ರ ದಿಕ್ಕು ಬದಲಿಸಿದಾಗ, ತಮ್ಮ ಅಯಾನಿಗೇ ಮರಳುತ್ತವೆ. ಪಾಲ್ ಕಾರ್ಕಮ್ 1993ರಲ್ಲಿ ವಿವರಿಸಿದ ಈ ಮೂರು ಹೆಜ್ಜೆಗಳ (ಹೊರಬರುವುದು, ತೂಗುವುದು, ಮರಳಿ ಸೇರಿ ಬೆಳಕು ಹೊಮ್ಮಿಸುವುದು) ಚಿತ್ರದಲ್ಲಿ, ಅತ್ಯಧಿಕ ಶಕ್ತಿಯ ಇಲೆಕ್ಟ್ರಾನು ಹೊರಟ ಸುಮಾರು 1.7 ಫೆಮ್ಟೊಸೆಕೆಂಡಿಗೆ ಮರಳಿ, ತೂಗಾಟದ ಶಕ್ತಿಯ 3.17 ಪಟ್ಟನ್ನು ಹೊತ್ತು ತರುತ್ತದೆ. ಅಯಾನನ್ನು ಮರಳಿ ಸೇರುವಾಗ ಬಿಡುಗಡೆಯಾಗುವ 15.76ನ್ನು ಅದಕ್ಕೆ ಕೂಡಿಸಿ: ಸುಮಾರು 54 ಇಲೆಕ್ಟ್ರಾನ್‌ವೋಲ್ಟ್. ಹೊಮ್ಮುವ ಬೆಳಕು ಸುಮಾರು 23 ನ್ಯಾನೊಮೀಟರ್ ತರಂಗದೂರದವರೆಗೆ ಹಬ್ಬುತ್ತದೆ; ಅದರಲ್ಲಿ ಮೂಲ ಆವೃತ್ತಿಯ ಬೆಸ ಗುಣಕಗಳು ಮಾತ್ರ ಇರುತ್ತವೆ. ಅಟೊಸೆಕೆಂಡ್ (10⁻¹⁸ ಸೆಕೆಂಡ್) ಅಳತೆಯ ಪಲ್ಸುಗಳು ಹುಟ್ಟುವುದೂ ಇದರಿಂದಲೇ. ಆ ಕೆಲಸಕ್ಕೆ 2023ರ ನೊಬೆಲ್ ಸಂದಿತು.

ಈ ಕೊನೆಯ ಹೆಜ್ಜೆಗೆ ಮುನ್ನ ಬೆಳಕಿನ ಧ್ರುವೀಕರಣವನ್ನು, ಅಂದರೆ ಅದರ ವಿದ್ಯುತ್ ಕ್ಷೇತ್ರ ಒಂದೇ ಗೆರೆಯಲ್ಲಿ ತೂಗುತ್ತದೋ ಸುತ್ತುತ್ತದೋ ಎಂಬುದನ್ನು, ನೋಡಿಕೊಳ್ಳಿ. ಅದು ವೃತ್ತೀಯವಾಗಿದ್ದರೆ ಇಲೆಕ್ಟ್ರಾನು ಪಕ್ಕಕ್ಕೆ ಸರಿದು ಅಯಾನನ್ನು ತಪ್ಪಿಸಿಕೊಂಡು ಹೋಗುತ್ತದೆ, ಆದ್ದರಿಂದ 3.17ರ ಗುಣಾಕಾರವನ್ನು ಬಿಟ್ಟುಬಿಡಬೇಕು.