ಮೂರು ಮೀನು, ನಲವತ್ತು ದಿನ, ಒಂದೇ ಮಮ್ಮಿ

ಈಜಿಪ್ಟಿನ ಮಮ್ಮಿಗಳ ಬಗ್ಗೆ ಓದುವಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಅವರು ಹೆಣವನ್ನು ನೇಟ್ರಾನ್ ಎಂಬ ಒಣ ಉಪ್ಪಿನಲ್ಲಿ ಹೂತಿಡುತ್ತಿದ್ದರಾ, ಇಲ್ಲ ಆ ಉಪ್ಪನ್ನು ನೀರಿನಲ್ಲಿ ಕರಗಿಸಿ ಹೆಣವನ್ನು ಅದರಲ್ಲಿ ನೆನೆಸುತ್ತಿದ್ದರಾ? ಗ್ರೀಕ್ ಇತಿಹಾಸಕಾರ ಹೆರೊಡೋಟಸ್ 70 ದಿನ ಇಡುತ್ತಿದ್ದರು ಅಂತ ಬರೆದಿದ್ದಾನೆ. ಅವನು ಬಳಸಿದ ಪದವನ್ನೇ ಗ್ರೀಕರು ಮೀನಿಗೆ ಉಪ್ಪು ಹಾಕಿ ಕೆಡದಂತೆ ಇಡುವುದಕ್ಕೂ ಹೇಳುತ್ತಿದ್ದರು. ಹಾಗಾಗಿ ನೆನೆಸುತ್ತಿದ್ದರು ಎಂದೇ ಬಹಳ ಕಾಲ ಹಲವು ವಿದ್ವಾಂಸರು ನಂಬಿದ್ದರು. ಈಜಿಪ್ಟಿನ ರಾಜ ಟುಟಂಖಾಮನ್‌ನ ಸಮಾಧಿಯ ವಸ್ತುಗಳನ್ನು ಜೋಪಾನ ಮಾಡಿದ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಲ್ಯೂಕಾಸ್ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ಒಣ ನೇಟ್ರಾನ್ ಎಂಬ ತೀರ್ಮಾನಕ್ಕೆ ಬಂದರು. ಅದನ್ನು ನನ್ನ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು. ಪದ ಮೀನಿನದು, ಹಾಗಾಗಿ ನಾನೂ ಮೀನನ್ನೇ ಆರಿಸಿಕೊಂಡೆ.

ನೇಟ್ರಾನ್ ಅಂದರೆ ಕೈರೋ ಮತ್ತು ಅಲೆಕ್ಸಾಂಡ್ರಿಯಾ ನಡುವಿನ ವಾದಿ ನಟ್ರೂನ್ ಎಂಬ ತಗ್ಗಿನಲ್ಲಿ, ಕೆರೆಗಳು ಬತ್ತಿದಾಗ ಉಳಿಯುವ ಉಪ್ಪು. ಅದರಲ್ಲಿ ಮುಖ್ಯವಾಗಿ ವಾಷಿಂಗ್ ಸೋಡಾ, ಅಡುಗೆ ಸೋಡಾ, ಮಾಮೂಲಿ ಉಪ್ಪು ಮತ್ತು ಸ್ವಲ್ಪ ಸೋಡಿಯಂ ಸಲ್ಫೇಟ್ ಇರುತ್ತವೆ. ಸೋಡಿಯಂಗೆ ನಾವು ಬರೆಯುವ ಎನ್‌ಎ ಎಂಬ ಚಿಹ್ನೆ ಬಂದದ್ದೂ ಈ ಹೆಸರಿನಿಂದಲೇ. ನಾನು ಎರಡು ಪಾಲು ವಾಷಿಂಗ್ ಸೋಡಾ, ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ಉಪ್ಪು ಬೆರೆಸಿದೆ. ಸಲ್ಫೇಟ್ ಬಿಟ್ಟೆ.

ಮೊದಲ ಸಲ ಪೂರ್ತಿ ಕೆಟ್ಟಿತು. ನಾಲ್ಕನೇ ದಿನಕ್ಕೇ ನಾತ ಹೊಡೆಯಿತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ನಾನು ತಂದಿದ್ದು ಹರಳು ಹರಳಾದ ವಾಷಿಂಗ್ ಸೋಡಾ. ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ! ಆಗಲೇ ಹೊಟ್ಟೆ ತುಂಬಿರುವ ಸೋಡಾ ಮೀನಿನ ನೀರನ್ನು ಹೇಗೆ ಹೀರೀತು? ಎರಡನೇ ಸಲ ಸೋಡಾವನ್ನು ಬೇರೆಯಾಗಿ ಓವನ್‌ನಲ್ಲಿಟ್ಟೆ. ಮೊದಲು ಅದು ತನ್ನದೇ ನೀರಿನಲ್ಲಿ ಕರಗಿ ಗಂಜಿಯಂತಾಯಿತು, ಆಮೇಲೆ ಒಣಗಿ ಗಟ್ಟಿ ಹೆಂಟೆಯಾಯಿತು. ಕುಟ್ಟಿ ಪುಡಿ ಮಾಡಿದೆ. ಇದನ್ನು ಮಾಡುವವರು ಕೈಗವಸು, ಕನ್ನಡಕ ಹಾಕಿಕೊಳ್ಳಲೇಬೇಕು. ಈ ಪುಡಿ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ.

ಮೂರು ಮೀನು ಇಟ್ಟೆ. ಒಂದನೆಯದರ ಕರುಳು ತೆಗೆದು ಒಣ ಪುಡಿಯಲ್ಲಿ. ಎರಡನೆಯದು ಕರುಳು ಸಮೇತ ಒಣ ಪುಡಿಯಲ್ಲಿ. ಮೂರನೆಯದರ ಕರುಳು ತೆಗೆದು, ಅದೇ ಪುಡಿ ಕರಗಿಸಿದ ನೀರಿನಲ್ಲಿ. ಮೊದಲನೆಯದರ ಹೊಟ್ಟೆಯೊಳಗೂ ಪುಡಿ ತುಂಬಿದೆ. ಈಜಿಪ್ಟಿನವರೂ ಒಳಗೆ ನೇಟ್ರಾನ್ ಪೊಟ್ಟಣ ಇಡುತ್ತಿದ್ದರು.

ಎರಡನೆಯ ಮೀನಿನ ಹೊಟ್ಟೆ ಐದನೇ ದಿನ ಉಬ್ಬಿತು, ಒಂಬತ್ತನೇ ದಿನ ಒಡೆಯಿತು. ಚರ್ಮ ಚೆನ್ನಾಗಿ ಒಣಗಿತ್ತು, ಕೊಳೆತದ್ದು ಒಳಗಿನಿಂದ. ಶವಸಂಸ್ಕಾರದವರು ಮೊದಲು ಹೊಟ್ಟೆಗೇ ಯಾಕೆ ಕೈ ಹಾಕುತ್ತಿದ್ದರು ಅಂತ ಆಗ ಮನಸ್ಸಿಗೆ ನಾಟಿತು. ಮೂರನೆಯದು ಇನ್ನೂ ಬೇರೆ ರೀತಿ. ನಾತ ಕಡಿಮೆಯೇ ಇತ್ತು, ಆದರೆ ಮಾಂಸ ಲೋಳೆ ಲೋಳೆಯಾಗಿ, ಎತ್ತಲು ಹೋದರೆ ಚರ್ಮ ಕೈಗೇ ಬಂತು. ಅದನ್ನು ಒಣಗಿಸಿದರೂ ಆಕಾರ ಉಳಿಯುವಂತಿರಲಿಲ್ಲ.

ಮೊದಲನೆಯದರ ತೂಕ ಶುರುವಿನಲ್ಲಿ 310 ಗ್ರಾಂ. ಒಂದು ವಾರಕ್ಕೆ 205. ಪುಡಿ ಒದ್ದೆಯಾಗಿ ಮೀನಿನ ಸುತ್ತ ಚಿಪ್ಪಿನಂತೆ ಅಂಟಿಕೊಂಡಿತ್ತು. ಅದನ್ನೆಲ್ಲ ಬಿಡಿಸಿ ಹೊಸ ಪುಡಿ ಹಾಕಿದೆ. ಇದನ್ನು ಬದಲಿಸದೆ ಬಿಟ್ಟರೆ ಒಣಗುವುದು ಅಲ್ಲಿಗೇ ನಿಂತುಬಿಡುತ್ತದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ ಅನ್ನುತ್ತೇನೆ. ಎರಡನೇ ವಾರ 152, ಮೂರನೇ ವಾರ 130. ನಲವತ್ತನೇ ದಿನ 118. ಕೊನೆಯ ಹತ್ತು ದಿನ ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಅಲುಗಲಿಲ್ಲ. ಅಂದರೆ ಅರ್ಧಕ್ಕಿಂತ ಜಾಸ್ತಿ ಭಾರ ಬರೀ ನೀರಾಗಿ ಹೋಗಿತ್ತು. ಉಪ್ಪೊಂದೇ ಇದ್ದರೂ ನೀರು ಎಳೆಯುತ್ತದೆ, ನಿಜ. ಆದರೆ ಸೋಡಾ ಕ್ಷಾರ. ಅದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಜೊತೆಗೆ ಕೊಬ್ಬು ಸೋಪಿನಂತಾಗುತ್ತದೆ. ಒಣಗಿದ ಮೀನನ್ನು ಬ್ರಷ್‌ನಿಂದ ಉಜ್ಜುವಾಗ ಆ ಸೋಪಿನ ಜಾರು ಬೆರಳಿಗೆ ಗೊತ್ತಾಯಿತು.

1994ರಲ್ಲಿ ಅಮೆರಿಕದ ಸಂಶೋಧಕರಾದ ಬಾಬ್ ಬ್ರಯರ್ ಮತ್ತು ರಾನ್ ವೇಡ್ ವಿಜ್ಞಾನಕ್ಕೆ ದಾನವಾಗಿ ಬಂದ ಮನುಷ್ಯನ ದೇಹವನ್ನೇ ಹೀಗೆ ಮಮ್ಮಿ ಮಾಡಿದರು. ಇನ್ನೂರು ಕಿಲೋಗಿಂತ ಜಾಸ್ತಿ ನೇಟ್ರಾನ್‌ನಲ್ಲಿ 35 ದಿನ ಹೂತಿಟ್ಟರು. ಈಜಿಪ್ಟಿನವರು ಮೂಗಿನಿಂದ ಮಿದುಳನ್ನು ಕೊಕ್ಕೆಯಲ್ಲಿ ಎಳೆಯುತ್ತಿದ್ದರು ಅಂತ ನಾವೆಲ್ಲ ಓದಿದ್ದೇವೆ ಅಲ್ವಾ? ಬ್ರಯರ್ ಮತ್ತು ವೇಡ್ ಮಾಡಿ ನೋಡಿದಾಗ ಮಿದುಳು ಕೊಕ್ಕೆಗೆ ಸಿಗಲೇ ಇಲ್ಲ. ಒಳಗೇ ಕಡೆದು, ತೆಳ್ಳಗೆ ಮಾಡಿ, ಸುರಿಸಿ ತೆಗೆಯಬೇಕಾಯಿತು. ಇಂಥ ವಿಷಯ ಕೈಯಿಂದ ಮಾಡದೆ ತಿಳಿಯುವುದಿಲ್ಲ. ಅದಕ್ಕೇ ಇಂಥ ಪ್ರಯೋಗಗಳ ಮೇಲೆ ನನಗೆ ಅಷ್ಟು ಗೌರವ.

ಕೊನೆಗೆ ಪೈನ್ ಮರದ ರಾಳ ಬಿಸಿ ಮಾಡಿ ಮೀನಿಗೆ ತೆಳುವಾಗಿ ಸವರಿ, ಬಟ್ಟೆ ಪಟ್ಟಿ ಸುತ್ತಿದೆ. ತಲೆಗೆ ಸವರುವಾಗ ಒಂದು ಚೂರು ಜಾಗಕ್ಕೆ ರಾಳ ತಾಗದೆ ಬಿಟ್ಟುಹೋಗಿತ್ತು. ಗಾಳಿಯಲ್ಲಿ ತೇವ ಜಾಸ್ತಿಯಾದ ತಿಂಗಳುಗಳಲ್ಲಿ ಸರಿಯಾಗಿ ಅಲ್ಲೇ ಪಟ್ಟಿ ಒದ್ದೆಯಾಯಿತು. ಸುತ್ತಿ ಮುಗಿಸಿದ ದಿನಕ್ಕಿಂತ ತೂಕ ನಾಲ್ಕು ಗ್ರಾಂ ಏರಿತ್ತು. ಒಳಗೆ ಉಳಿದ ಉಪ್ಪು ಗಾಳಿಯ ನೀರನ್ನು ಎಳೆಯುತ್ತಿತ್ತು. ಮೂರು ಸಾವಿರ ವರ್ಷ ಉಳಿದ, ಈಜಿಪ್ಟಿನ ರಾಜ ಎರಡನೇ ರಾಮ್ಸೆಸ್‌ನ ದೇಹಕ್ಕೂ ಮ್ಯೂಸಿಯಮ್ಮಿನಲ್ಲಿ ಬೂಷ್ಟು ಹಿಡಿದು, 1976ರಲ್ಲಿ ಚಿಕಿತ್ಸೆಗೆ ಪ್ಯಾರಿಸ್‌ಗೆ ಒಯ್ಯಬೇಕಾಯಿತು. ಬೂಷ್ಟು ಕೊಲ್ಲಲು ಗಾಮಾ ಕಿರಣ ಹಾಯಿಸಿದರು. ನನ್ನ ಮೀನು ಈಗ ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿದೆ. ತಿಂಗಳಿಗೊಮ್ಮೆ ತೆಗೆದು ತೂಗುತ್ತೇನೆ. ಏರಿದ್ದ ನಾಲ್ಕು ಗ್ರಾಂನಲ್ಲಿ ಮೂರು ಇಳಿದಿದೆ.