ಕಬ್ಬಿನ ಟ್ರೇಲರ್‌ಗೆ ಹಳೇ ಟ್ರ್ಯಾಕ್ಟರ್: ನಾನು ನೋಡಿ ಕೊಂಡ ಬಗೆ

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಕೇಳುವುದೇ ‘ಎಷ್ಟು ಎಚ್‌ಪಿ?’ ಅಂತ. ಕಬ್ಬಿನ ಲೋಡ್ ಹೊಡೆಯುವುದಕ್ಕಾದರೆ ಆ ಪ್ರಶ್ನೆ ಆಮೇಲಿನದು. ಎಳೆಯುವುದಕ್ಕೆ ಲೋ ಗೇರ್ ಇದೆ. ನಿಲ್ಲಿಸುವುದಕ್ಕೆ ಇರುವುದು ಹಿಂದಿನ ಎರಡು ಚಕ್ರದ ಬ್ರೇಕ್ ಮಾತ್ರ. ನಮ್ಮ ಕಡೆಯ ಬಹುಪಾಲು ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಎರಡು ಟನ್ ಆಸುಪಾಸಿನ ಗಾಡಿ ತನ್ನ ಮೂರ್ನಾಲ್ಕು ಪಟ್ಟು ಭಾರ ತಡೆಯಬೇಕು. ಅದಕ್ಕೇ ನಾನು ಬ್ರೇಕು, ಟ್ರೇಲರ್ ಸಿಕ್ಕಿಸುವ ಹಿಂದಿನ ಹುಕ್ಕು ನೋಡಿದ ಮೇಲೆ ಬಾನೆಟ್ ಎತ್ತಿಸಿದ್ದು.

ಮಹೀಂದ್ರ 575, ಸ್ವರಾಜ್ 744, ಮ್ಯಾಸ್ಸಿ 241 – ಈ 40ರಿಂದ 50 ಎಚ್‌ಪಿ ಸಾಲಿನಲ್ಲೇ ಹುಡುಕಿದೆ. ಬಿಡಿಭಾಗ ಮಂಡ್ಯದಲ್ಲೇ ಸಿಗುತ್ತದೆ, ಊರೂರಲ್ಲಿ ಮೆಕ್ಯಾನಿಕ್ ಇದ್ದಾರೆ. 35 ಎಚ್‌ಪಿ ಗಾಡಿ ಪಕ್ಕದ ಆಲೆಮನೆಗೆ ಸಾಕು, ಫ್ಯಾಕ್ಟರಿ ಯಾರ್ಡ್‌ವರೆಗೆ ದಿನಾ ಹೊಡೆಯಲು ಸಾಲದು. ಒಂದೇ ಮಾಡೆಲ್‌ನಲ್ಲಿ ಒಣಗಿದ್ದೇ ಹಿಡಿಯುವ ಡ್ರೈ ಬ್ರೇಕ್, ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಆಯಿಲ್ ಬ್ರೇಕ್ ಎರಡೂ ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಆಯಿಲ್ ಬ್ರೇಕಿನದೇ ತಗೊಳ್ಳಿ. ಆಕ್ಸಲ್ ಸೀಲ್ ಸೋರಿದರೆ ಡ್ರೈ ಬ್ರೇಕಿನ ಪ್ಲೇಟಿಗೆ ಎಣ್ಣೆ ಹತ್ತುತ್ತದೆ, ಹತ್ತಿದರೆ ಹಿಡಿಯುವುದಿಲ್ಲ.

ಬ್ರೇಕ್ ಪರೀಕ್ಷೆಗೆ ಖಾಲಿ ಮಣ್ಣಿನ ಬಯಲು ಬೇಕು. ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಇರುವ ಎರಡೂ ಬ್ರೇಕ್ ಪೆಡಲ್ ಸೇರಿಸಿ ಕೊಂಡಿ ಹಾಕಿ, ಟ್ರೇಲರ್ ಇಲ್ಲದೆ ನಿಧಾನವಾಗಿ ಓಡಿಸಿ, ಒಮ್ಮೆಲೇ ಒತ್ತಿ, ಇಳಿದು ನೆಲ ನೋಡಿ. ಎರಡು ಚಕ್ರ ಉಜ್ಜಿದ ಗುರುತು ಒಂದೇ ಉದ್ದ ಇರಬೇಕು. ನಾನು ನೋಡಿದ ಒಂದು ಗಾಡಿಯಲ್ಲಿ ಎಡಗಡೆ ಒಂದು ಮಾರು ಉದ್ದ ಗೀರು, ಬಲಗಡೆ ಬರೀ ಟಯರಿನ ಅಚ್ಚು. ಇಂಥ ಗಾಡಿ ಇಳಿಜಾರಿನಲ್ಲಿ ಒಂದು ಪಕ್ಕಕ್ಕೆ ತಿರುಗುತ್ತದೆ, ಹಿಂದಿನ ಲೋಡ್ ಅದನ್ನು ಅಡ್ಡಲಾಗಿ ನೂಕಿ ಮಡಚುತ್ತದೆ. ಕೊಂಡಿಯೇ ಕಳೆದುಹೋದ ಗಾಡಿಗಳೂ ಇವೆ. ಅದನ್ನು ಹಾಕಿಸದೆ ರೋಡಿಗೆ ಇಳಿಸಬೇಡಿ.

ಆಮೇಲೆ ಹುಕ್ಕು. ಪಿನ್ ತೂತು ಗುಂಡಗಿರಬೇಕು, ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಗಾಡಿ ವರ್ಷಗಟ್ಟಲೆ ಲೋಡ್ ಹೊಡೆದಿದೆ ಎಂದರ್ಥ. ವೆಲ್ಡಿಂಗ್ ಗುರುತು ಕಂಡರೆ ಬಣ್ಣ ಕೆರೆದು ನೋಡಿ. ಕೆಲವರು ಟ್ರೇಲರ್ ಮೂತಿಗೆ ಸರಿಹೊಂದಲೆಂದು ಹುಕ್ಕನ್ನೇ ಮೇಲಕ್ಕೇರಿಸಿ ವೆಲ್ಡ್ ಮಾಡಿಸಿರುತ್ತಾರೆ. ಹಿಂದಿನ ಆಕ್ಸಲಿನ ನಡುಮಟ್ಟಕ್ಕಿಂತ ಮೇಲಿನಿಂದ ಎಳೆದರೆ ಮುಂಚಕ್ರ ಎದ್ದೇಳುತ್ತದೆ. ಕಬ್ಬಿನ ಗದ್ದೆಯಿಂದ ನಾಲೆ ಏರಿಯ ರೋಡಿಗೆ ಹತ್ತುವ ಆ ಹತ್ತಡಿ ಜಾಗದಲ್ಲೇ ಗಾಡಿ ಹಿಂದಕ್ಕೆ ಮಗುಚುವುದು. ಸರಿಪಡಿಸಬೇಕಾದ್ದು ಟ್ರೇಲರಿನ ಮೂತಿಯನ್ನು, ಹುಕ್ಕನ್ನಲ್ಲ.

ಮಂಡ್ಯ ಸೀಮೆಯ ಗಾಡಿಗಳಿಗೆ ಇನ್ನೊಂದು ಕಾಟ, ಕೆಸರು. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಭತ್ತದ ಗದ್ದೆ ಹೊಡೆದ ಗಾಡಿಯ ಆಕ್ಸಲ್ ಸೀಲಿಗೂ ಮುಂದಿನ ಹಬ್ಬಿಗೂ ನೀರು ಹೊಕ್ಕಿರುತ್ತದೆ. ಗೇರ್ ಬಾಕ್ಸಿನ ಅಳತೆ ಕಡ್ಡಿ ಎಳೆದಾಗ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಮುಂಚಕ್ರವನ್ನು ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ‘ಟಕ್’ ಎಂದರೆ ಬೇರಿಂಗ್ ಅಥವಾ ಮುಂಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕಿಂಗ್ ಪಿನ್ ಸವೆದಿದೆ.

ಎಂಜಿನ್ ತಣ್ಣಗಿರುವಾಗಲೇ ನಾನೇ ಸ್ಟಾರ್ಟ್ ಮಾಡುತ್ತೇನೆಂದು ಮೊದಲೇ ಹೇಳಿಟ್ಟು, ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿದೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದರೆ ರಿಂಗ್, ಲೈನರ್ ಕೆಲಸ ಗ್ಯಾರಂಟಿ. ಅದು ಖರ್ಚಿನ ಮಾತು, ಪ್ರಾಣದ ಮಾತಲ್ಲ. ಬೆಲೆ ಇಳಿಸಿ ಕೊಳ್ಳಬಹುದು. ಗೇರ್ ಜಿಗಿಯುವ ಗಾಡಿಯನ್ನು ಮಾತ್ರ ಎಷ್ಟು ಕಡಿಮೆಗೆ ಬಂದರೂ ಮುಟ್ಟಬೇಡಿ. ಲೋಡ್ ಹಾಕಿ ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟಾಗ ಗೇರ್ ನ್ಯೂಟ್ರಲ್‌ಗೆ ಬಿದ್ದರೆ ಮತ್ತೆ ಕೂರಿಸಲು ಆಗದು, ಎಂಜಿನ್ ತಡೆಯೂ ಹೋಯಿತು. ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರ್ ನಂಬಬೇಡಿ, ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂಬುದನ್ನು ನಂಬಿ.

ಟ್ರೇಲರಿಗೆ ಬೇರೆಯೇ ಆರ್‌ಸಿ ಇರಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಗೆ ಹೋಲಿಸಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35, ವರ್ಗಾವಣೆಗೆ ಫಾರಂ 29, 30. ವಿಮೆ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯೇ ಓದಿ ನೋಡಿ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವೀಸ್ ರೋಡಿನಲ್ಲಿ ಹಂಪು, ಅಡ್ಡ ಬರುವ ಬೈಕು, ತಿರುವು ಜಾಸ್ತಿ. ಬ್ರೇಕ್ ಒತ್ತುವುದೂ ಜಾಸ್ತಿ. ಹಾಗಾಗಿ ಗಾಡಿ ಮನೆಗೆ ಬಂದ ವಾರವೇ ಎರಡೂ ಆಕ್ಸಲ್ ಸೀಲ್, ಬ್ರೇಕ್ ಪ್ಲೇಟು, ಗೇರ್ ಆಯಿಲ್, ಹೊಸ ಪಿನ್ನು, ಪಿನ್ನಿಗೆ ಲಾಕ್ ಕ್ಲಿಪ್ ಹಾಕಿಸಿದೆ. ಹುಕ್ಕಿನಿಂದ ಟ್ರೇಲರ್ ಚಾಸಿಗೆ ದಪ್ಪ ಸರಪಳಿ, ಕಬ್ಬಿನ ತುದಿ ಚಾಚಿದರೂ ಮರೆಯಾಗದಂತೆ ಟ್ರೇಲರಿನ ಹಿಂದೆ ಕೆಳಗಡೆ ಕೆಂಪು ರಿಫ್ಲೆಕ್ಟರ್ ಪಟ್ಟಿ. ಬಣ್ಣ ಇನ್ನೂ ಹಳೆಯದೇ ಇದೆ.