ತಮ್ಮನ ಮಿದುಳಲ್ಲಿ ಏನಾಗಿದೆ ಅಂತ ಅಮ್ಮನಿಗೆ ಹೇಳೋದು ಹೇಗೆ

ತಿಪಟೂರಿನವರಿಗೆ ಕೊಬ್ಬರಿ ಬಿಟ್ಟು ಬೇರೆ ಹೋಲಿಕೆ ಹೊಳೆಯುವುದಿಲ್ಲ. ಸೊಂಟನೋವಿಗೆಂದು ನನ್ನ ತಮ್ಮ ಶುರುಮಾಡಿದ ಟ್ಯಾಪೆಂಟಡಾಲ್ (ಮಾರ್ಫಿನ್ ಜಾತಿಯದೇ ನೋವಿನ ಔಷಧ) ಮಾತ್ರೆ ದಿನಕ್ಕೆ 2 ಇದ್ದದ್ದು 8 ಆದಾಗ ಅಮ್ಮ ಅಂದರು, "ಅವನ ಮಿದುಳು ಅಟ್ಟದ ಮೇಲಿನ ಕೊಬ್ಬರಿ ಥರ ಒಣಗೋಯ್ತು ಕಣೆ." ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು, ಸುಮ್ಮನಿರೋದು ಹೇಗೆ?

ಒಡೆದ ತೆಂಗಿನಕಾಯಿಯ ಒಂದು ಹೋಳು, ಒಂದು ಬಾದಾಮಿ, ಒಂದು ಹುಣಸೆಬೀಜ ತಗೊಳ್ಳಿ. ರಾತ್ರಿ ಊಟ ಆದಮೇಲೆ ಮನೆಯವರನ್ನು ಕೂರಿಸಿಕೊಳ್ಳಿ.

ಹೋಳೇ ಮಿದುಳು ಅಂದುಕೊಳ್ಳಿ, ಹುಣಸೆಬೀಜವನ್ನು ಅದರ ನಡುವೆ ಇಡಿ. ಇದು ಖುಷಿಯ ಜಾಗ. ಬಿಸಿ ಮುದ್ದೆ, ಉಪ್ಸಾರು ಉಂಡಾಗ ಇಲ್ಲಿ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ. ನೋವು ತಡೆಯಲು ದೇಹವೇ ಎಂಡಾರ್ಫಿನ್ ಎಂಬ ರಾಸಾಯನಿಕ ಮಾಡಿಕೊಳ್ಳುತ್ತದೆ, ಅದು ಬಂದು ಕೂರುವ ಜಾಗಗಳು ನರಕೋಶಗಳ ಮೇಲಿವೆ. ಮಾತ್ರೆ ಬಂದು ಅಲ್ಲೇ ಕೂರುತ್ತದೆ. ದಿನಾ ಬರೋ ನೆಂಟನಿಗೆ ಯಾರು ಹೋಳಿಗೆ ಮಾಡ್ತಾರೆ? ಕೋಶಗಳೂ ಹಾಗೆಯೇ, ಬರಬರುತ್ತಾ ಕ್ಯಾರೆ ಅನ್ನುವುದಿಲ್ಲ. 2 ಮಾತ್ರೆ 8 ಆಗುವುದು, ಮುದ್ದೆ ರುಚಿಸದೇ ಹೋಗುವುದು ಇದರಿಂದಲೇ. ಅಮ್ಮನಿಗೆ ನಾಟಿದ್ದು ಆ ಮುದ್ದೆಯ ಮಾತು.

ಬಾದಾಮಿಯೇ ಮಿದುಳೊಳಗಿನ ಅಮಿಗ್ಡಲಾ ಎಂಬ ಭಾಗ, ಹೆಸರಿನ ಅರ್ಥವೂ ಅದೇ. ಭಯ, ಕಳವಳ ಹುಟ್ಟುವ ಕಡೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನುನೋವಿನ 10 ಜನಕ್ಕೆ ತಿಂಗಳ ಕಾಲ ದಿನಾ ಮಾರ್ಫಿನ್ ಕೊಟ್ಟು ಎಂಆರ್‌ಐ ಮಾಡಿದರು. ಬಲಗಡೆಯ ಅಮಿಗ್ಡಲಾದಲ್ಲಿ ಬೂದುದ್ರವ್ಯ (ನರಕೋಶಗಳು ತುಂಬಿರುವ ಭಾಗ) ಕಮ್ಮಿಯಾಗಿತ್ತು, ಬೇರೆ ಕೆಲವೆಡೆ ಹೆಚ್ಚಿತ್ತು. ಮಾತ್ರೆ ನಿಲ್ಲಿಸಿ ತಿಂಗಳುಗಳಾದರೂ ಗುರುತು ಉಳಿದಿತ್ತು. (ಹತ್ತೇ ಜನ, ಅವರು ಚಟದವರೂ ಅಲ್ಲ, ಅದನ್ನೂ ಹೇಳಿ.) ಒಂದು ಕಡೆ ಇಳಿದು ಇನ್ನೊಂದು ಕಡೆ ಏರುವುದು ಕೊಬ್ಬರಿ ಒಣಗಿದ ಹಾಗಲ್ಲವಲ್ಲ.

"ಮನ್ಸು ಮಾಡಿದ್ರೆ ಬಿಡಕ್ಕಾಗಲ್ವಾ?" ಅಂತ ಅಪ್ಪ ಕೇಳೇ ಕೇಳುತ್ತಾರೆ. ಹಣೆಯ ಹಿಂದಿನ ಭಾಗ ತೋರಿಸಿ. ಮನಸ್ಸು ಮಾಡಬೇಕಾದ ಜಾಗದ ಹಿಡಿತವೇ ಸಡಿಲವಾಗಿದೆ ಎನ್ನಿ. ಮಾತ್ರೆ ತಪ್ಪಿದ ದಿನ ಬೆವರು, ಮುಳ್ಳೆದ್ದ ಮೈ, ಸುರಿಯುವ ಮೂಗು, ಭೇದಿ ನಾಟಕವಲ್ಲ. ಮಾತ್ರೆ ಇಷ್ಟು ದಿನ ಅದುಮಿಟ್ಟಿದ್ದ ನರಕೋಶಗಳ ಗುಂಪೊಂದು ಒಮ್ಮೆಗೇ ಎದ್ದು ಕೂತಿರುತ್ತದೆ.

ಇನ್ನು ತೆಂಗಿನಕಾಯಿ ಬಿಟ್ಟು ನಿಮ್ಮ ಕತ್ತಿನ ಹಿಂಭಾಗ ಮುಟ್ಟಿ ತೋರಿಸಿ. ಅದರ ಮೇಲ್ತುದಿಯಲ್ಲಿ, ತಲೆಬುರುಡೆಯ ಬುಡದಲ್ಲಿ, ಉಸಿರಾಟ ನಡೆಸುವ ಮಿದುಳಕಾಂಡವಿದೆ. ಇದನ್ನು ಎರಡು ಸಲ ಹೇಳಿ. ಕೆಲವು ದಿನ ಬಿಟ್ಟವನ ದೇಹಕ್ಕೆ ಹಳೇ 8 ಮಾತ್ರೆ ತಡೆಯುವ ಶಕ್ತಿ ಇರುವುದಿಲ್ಲ. ಮತ್ತೆ ಅಷ್ಟೇ ನುಂಗಿದರೆ ಉಸಿರು ನಿಲ್ಲಬಹುದು. ಗೊರಕೆಯಂಥ ನಿಧಾನ ಉಸಿರು, ನೀಲಿ ತುಟಿ, ಸೂಜಿಮೊನೆಯಂಥ ಪಾಪೆ ಕಂಡರೆ, ಅಲುಗಾಡಿಸಿದರೂ ಏಳದಿದ್ದರೆ, ನಿದ್ದೆ ಅಂದುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ, ಏನು ನುಂಗಿದ್ದಾನೆ ಅಂತ ಮುಚ್ಚಿಡದೆ ಹೇಳಿ. ನಾವು ಮರ್ಯಾದೆಗೆ ಹೆದರಿ ಒಂದು ಸಲ ಇಡೀ ರಾತ್ರಿ ಮುಚ್ಚಿಟ್ಟಿದ್ದೆವು.

ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ್ದೇ ವಿಭಾಗವಿದೆ. ಎಲ್ಲಿಗೆ ಹೋಗೋದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಚಿಕಿತ್ಸೆಗೆಂದು ವೈದ್ಯರು ಬ್ಯುಪ್ರೆನಾರ್ಫಿನ್ ಎಂಬ ಔಷಧ ಬರೆದುಕೊಟ್ಟರೆ "ಅದು ಬಿಟ್ಟು ಇದು ಹಿಡ್ಕೊಂಡ" ಎಂಬ ಮಾತು ಬರುತ್ತದೆ. ಇದು ಅದೇ ಜಾಗದಲ್ಲಿ ಬಿಗಿಯಾಗಿ ಕೂರುತ್ತದೆ, ಆದರೆ ಅರೆಬರೆ ಕೆಲಸವಷ್ಟೇ ಮಾಡುತ್ತದೆ, ಹಂಬಲ ಇಳಿಯುತ್ತದೆ. ವೈದ್ಯರು ಹೇಳದೆ ನಿಲ್ಲಿಸಬೇಡಿ.

ಹೋಳನ್ನು ಅಮ್ಮ ಮಾರನೇ ದಿನ ಚಟ್ನಿಗೆ ತುರಿದರು.